ಮಗನ ಕ್ಲಾಸಿನ ಗೋಡೆಗೆ ಹತ್ತು ಆಜ್ಞೆ ಬಂದಿದೆ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಮಲ್ಲಿಗೆ_ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆ. ನನ್ನ ಮಗ ಇಲ್ಲಿ ಮೂರನೇ ಕ್ಲಾಸು, ಸರ್ಕಾರಿ ಶಾಲೆ. ಹೋದ ವಾರ ಶಾಲೆಯಿಂದ ಬಂದವನು ಶೂಸ್ ಕೂಡ ಬಿಚ್ಚದೆ ಸೀದಾ ದೇವರ ಗೂಡಿನ ಮುಂದೆ ಹೋಗಿ ನಿಂತ. ಅಲ್ಲಿ ನಮ್ಮತ್ತೆ ಊರಿಂದ ಕೊಟ್ಟು ಕಳಿಸಿದ ಕಲ್ಲಿನ ಗಣಪತಿ ಇದೆ. ಅಂಗೈಯಷ್ಟು ದೊಡ್ಡದು, ಎಣ್ಣೆ ಹಚ್ಚಿ ಹಚ್ಚಿ ಕಪ್ಪಗೆ ಮಿಂಚುತ್ತೆ. ಅದನ್ನೇ ನೋಡುತ್ತಾ "ಅಮ್ಮ, ಇದು ಗ್ರೇವನ್ ಇಮೇಜಾ? ಇದನ್ನ ಇಟ್ಕೊಬಾರದಾ?" ಅಂತ ಕೇಳಿದ.

ಎಲ್ಲಿ ಓದಿದೆ ಅಂದೆ. ಕ್ಲಾಸಿನಲ್ಲಿ ಗಡಿಯಾರದ ಕೆಳಗೆ ಹಾಕಿದ್ದಾರೆ ಅಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೆಕ್ಸಸ್‌ನಲ್ಲಿ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾನೂನು ಬಂದಿದೆ. ಯಾರಾದರೂ ದಾನ ಕೊಟ್ಟರೆ ಸಾಕು, ಸರ್ಕಾರಿ ಶಾಲೆಯ ಪ್ರತಿ ಕ್ಲಾಸಿನಲ್ಲೂ ಬೈಬಲಿನ ಹತ್ತು ಆಜ್ಞೆಗಳನ್ನು ಹಾಕಲೇಬೇಕು. ಕಡಿಮೆ ಅಂದರೂ 16 ಇಂಚು ಅಗಲ, 20 ಇಂಚು ಎತ್ತರ. ಮಕ್ಕಳು ಕ್ಲಾಸಿನ ಯಾವ ಮೂಲೆಯಲ್ಲಿ ಕೂತರೂ ಓದುವ ಹಾಗಿರಬೇಕು. ಅದರಲ್ಲಿ ಮೊದಲೇ ಬರುವುದು, ನಾನೇ ನಿನ್ನ ದೇವರು, ನನ್ನನ್ನು ಬಿಟ್ಟು ಬೇರೆ ದೇವರು ಇರಬಾರದು, ಕೆತ್ತಿದ ವಿಗ್ರಹ (ಗ್ರೇವನ್ ಇಮೇಜ್) ಮಾಡಿಕೊಳ್ಳಬಾರದು ಅಂತ.

ನನಗೆ ಬೈಬಲ್ ಮೇಲೆ ಸಿಟ್ಟಿಲ್ಲ. ಬಾಣಂತನದಲ್ಲಿ ಅಮ್ಮನಿಗೆ ವೀಸಾ ಸಿಗದೆ ನಾನೊಬ್ಬಳೇ ಇದ್ದಾಗ ಮೂರು ವಾರ ಊಟ ತಂದುಕೊಟ್ಟವರು ಪಕ್ಕದ ಮನೆಯ ಚರ್ಚಿನವರು. ಬೆಳಿಗ್ಗೆ ಶಾಲೆಯಲ್ಲಿ ದೇಶದ ಬಾವುಟಕ್ಕೊಂದು, ಟೆಕ್ಸಸ್ ಬಾವುಟಕ್ಕೊಂದು ಪ್ರತಿಜ್ಞೆ ಹೇಳಿಸುತ್ತಾರೆ, ಎರಡರಲ್ಲೂ "ಅಂಡರ್ ಗಾಡ್" ಇದೆ. ಅದಕ್ಕೂ ನಾನು ಯಾವತ್ತೂ ತಲೆ ಕೆಡಿಸಿಕೊಂಡವಳಲ್ಲ. ಆದರೆ ನಮ್ಮ ಮನೆಯ ಗಣಪತಿ ತಪ್ಪು ಅಂತ ಎಂಟು ವರ್ಷದ ಹುಡುಗನಿಗೆ ಹೇಳುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತು? ಅಥವಾ ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ? ಮುಚ್ಚುಮರೆ ಇಲ್ಲದೆ ಹೇಳಿ.

ಬಯಲುಸೀಮೆಯವ

ಅಕ್ಕ, ನಾನು ಜಾರ್ಜಿಯಾದಲ್ಲಿ 19 ವರ್ಷದಿಂದ ಇದ್ದೇನೆ. ನೀವು ಬೇಜಾರು ಮಾಡಿಕೊಳ್ಳಬೇಡಿ, ನನಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ಇದು ದೇವರನ್ನು ನಂಬುವ ಜನರ ದೇಶ. ನೋಟಿನ ಮೇಲೆ ದೇವರಿದ್ದಾನೆ. ಸುಪ್ರೀಂ ಕೋರ್ಟು ಶುರುವಾಗುವುದೇ ಗಾಡ್ ಸೇವ್ ದಿ ಯುನೈಟೆಡ್ ಸ್ಟೇಟ್ಸ್ ಅಂತ ಕೂಗಿ. 1789ರಿಂದ ಕಾಂಗ್ರೆಸ್ಸಿನಲ್ಲಿ, ಅಂದರೆ ಇಲ್ಲಿನ ಸಂಸತ್ತಿನಲ್ಲಿ, ಪ್ರಾರ್ಥನೆ ಮಾಡಿಸುವುದಕ್ಕೆ ಸಂಬಳದ ಪಾದ್ರಿ ಇದ್ದಾರೆ. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾದ ವರ್ಷವೇ ದೇವರಿಗೆ ಕೃತಜ್ಞತೆ ಹೇಳುವ ದಿನ ಅಂತ ಸಾರಿದ. ಇದೆಲ್ಲ ಅವರ ಸಂಪ್ರದಾಯ. ನಾವು ಬಂದು ಸೇರಿಕೊಂಡವರು. ಊರಿಗೆ ಬಂದ ಮೇಲೆ ಊರಿನ ರಿವಾಜು ನೋಡಬೇಕು ಅಲ್ವಾ?

ಇನ್ನೊಂದು ಮಾತು. ಅವರು ನಮಗೂ ಬಾಗಿಲು ತೆಗೆದಿದ್ದಾರೆ. 2000ದ ಸೆಪ್ಟೆಂಬರ್ 14ರಂದು ವಾಜಪೇಯಿ ಅವರು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಭಾಷಣ ಮಾಡಿದ ದಿನ, ಒಹಾಯೊದ ಪಾರ್ಮಾ ದೇವಸ್ಥಾನದ ಅರ್ಚಕರು ಕೆಳಮನೆಯಲ್ಲಿ ಪ್ರಾರ್ಥನೆ ಮಾಡಿದರು. ಅಲ್ಲಿ ಹಿಂದೂ ಪ್ರಾರ್ಥನೆ ಆಗಿದ್ದು ಅದೇ ಮೊದಲು. ಕಳ್ಳತನ ಮಾಡಬೇಡ, ಸುಳ್ಳು ಹೇಳಬೇಡ, ಅಪ್ಪ ಅಮ್ಮನಿಗೆ ಮರ್ಯಾದೆ ಕೊಡು ಅಂತ ಗೋಡೆ ಮೇಲೆ ಬರೆದರೆ ನಮ್ಮ ಮಕ್ಕಳಿಗೆ ಏನು ನಷ್ಟ? ದೇವರ ಭಯವೇ ಇಲ್ಲದೆ ಬೆಳೆಯುವ ಮಕ್ಕಳನ್ನು ನೋಡಿದರೆ ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ.

ಲಾ_ಓದುವವ

ಬಯಲುಸೀಮೆ ಅಣ್ಣ, ಸಂಪ್ರದಾಯ ಅಂದಿರಲ್ಲ, ಅದರ ವಯಸ್ಸು ಸ್ವಲ್ಪ ನೋಡೋಣ. ಎಲ್ಲವೂ ಹಳೆಯದಲ್ಲ.

ಬಾವುಟದ ಪ್ರತಿಜ್ಞೆ ಬರೆದದ್ದು 1892ರಲ್ಲಿ, ಫ್ರಾನ್ಸಿಸ್ ಬೆಲ್ಲಮಿ ಅನ್ನುವವನು. ಅವನು ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದ ಪಾದ್ರಿ. ಪಾದ್ರಿಯೇ ಬರೆದರೂ ಅದರಲ್ಲಿ ದೇವರ ಹೆಸರಿರಲಿಲ್ಲ. "ಅಂಡರ್ ಗಾಡ್" ಸೇರಿಸಿದ್ದು 1954ರಲ್ಲಿ, ದೇವರನ್ನು ನಂಬದ ರಷ್ಯಾದ ಕಮ್ಯುನಿಸ್ಟರಿಗಿಂತ ನಾವು ಬೇರೆ ಅಂತ ತೋರಿಸುವ ಹುರುಪಿನಲ್ಲಿ. ಟೆಕ್ಸಸ್ ಪ್ರತಿಜ್ಞೆಗೆ ಅದು ಬಂದದ್ದು 2007ರಲ್ಲಿ. "ಇನ್ ಗಾಡ್ ವಿ ಟ್ರಸ್ಟ್" ಮೊದಲು ಬಂದದ್ದು 1864ರ ಎರಡು ಸೆಂಟಿನ ನಾಣ್ಯದ ಮೇಲೆ, ಅಂತರ್ಯುದ್ಧದ ನಡುವೆ. ದೇಶದ ಧ್ಯೇಯವಾಕ್ಯ ಆದದ್ದು 1956ರಲ್ಲಿ, ಐಸೆನ್‌ಹೋವರ್ ಕಾಲದಲ್ಲಿ. ನೋಟಿನ ಮೇಲೆ ಬಂದದ್ದು 1957ರಲ್ಲಿ. ನಮ್ಮ ತಾತಂದಿರು ಹುಟ್ಟಿದ ಮೇಲೆ ಬಂದದ್ದು ಇದು.

ಸಂವಿಧಾನ ತೆಗೆದು ನೋಡಿ. ಕೊನೆಯಲ್ಲಿ ತಾರೀಕು ಬರೆಯುವಾಗ "ನಮ್ಮ ಪ್ರಭುವಿನ ವರ್ಷ" ಅಂತ ಆ ಕಾಲದ ರೂಢಿಯಂತೆ ಬರೆದಿದ್ದಾರೆ. ಅದನ್ನು ಬಿಟ್ಟರೆ ದೇವರ ಹೆಸರೇ ಇಲ್ಲ. ಆರನೇ ವಿಧಿಯಲ್ಲಿ, ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇಡುವಂತಿಲ್ಲ ಅಂತ ಇದೆ. 1791ರಲ್ಲಿ ಬಂದ ಮೊದಲನೇ ತಿದ್ದುಪಡಿಯಲ್ಲಿ ಎರಡು ಮಾತಿದೆ. ಕಾಂಗ್ರೆಸ್ ಯಾವ ಧರ್ಮವನ್ನೂ ಸರ್ಕಾರದ ಧರ್ಮವಾಗಿ ಸ್ಥಾಪಿಸುವ ಕಾನೂನು ಮಾಡಬಾರದು, ಯಾರ ಆಚರಣೆಯನ್ನೂ ತಡೆಯಬಾರದು. 1797ರಲ್ಲಿ ಉತ್ತರ ಆಫ್ರಿಕಾದ ಟ್ರಿಪೋಲಿ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಅಮೆರಿಕದ ಸರ್ಕಾರ ಯಾವ ರೀತಿಯಲ್ಲೂ ಕ್ರೈಸ್ತ ಧರ್ಮದ ಮೇಲೆ ನಿಂತದ್ದಲ್ಲ ಅಂತಲೇ ಬರೆದಿದ್ದಾರೆ. ಸೆನೆಟ್ಟಿನಲ್ಲಿ ಒಬ್ಬರೂ ವಿರೋಧ ಮಾಡಲಿಲ್ಲ. ಆಗಿನ ಅಧ್ಯಕ್ಷ ಜಾನ್ ಆಡಮ್ಸ್ ಸಹಿ ಹಾಕಿದ.

ವಾಷಿಂಗ್ಟನ್ ಕೃತಜ್ಞತಾ ದಿನ ಸಾರಿದ್ದು ನಿಜ. ಜೆಫರ್ಸನ್ ಅಧ್ಯಕ್ಷನಾದಾಗ ಅದನ್ನು ಸಾರಲು ಒಪ್ಪಲಿಲ್ಲ ಅನ್ನುವುದೂ ನಿಜ. ಅಂದರೆ ಈ ಜಗಳ ದೇಶದಷ್ಟೇ ಹಳೆಯದು. ಒಂದೇ ಸಂಪ್ರದಾಯ ಅಂತ ಇರಲೇ ಇಲ್ಲ.

ಬಯಲುಸೀಮೆಯವ

ತಮ್ಮ, ಓದಿಕೊಂಡಿದ್ದೀಯ, ಸಂತೋಷ. ಆದರೆ ಅರ್ಧ ಹೇಳಿದೆ. ಮೊದಲನೇ ತಿದ್ದುಪಡಿ ಕಟ್ಟಿಹಾಕಿದ್ದು ಕಾಂಗ್ರೆಸ್ಸನ್ನು, ರಾಜ್ಯಗಳನ್ನಲ್ಲ. ಆಗ ರಾಜ್ಯಗಳಲ್ಲಿ ಸರ್ಕಾರಿ ಚರ್ಚು ಇತ್ತು. ಕನೆಕ್ಟಿಕಟ್‌ನಲ್ಲಿ 1818ರವರೆಗೆ, ಮ್ಯಾಸಚೂಸೆಟ್ಸ್‌ನಲ್ಲಿ 1833ರವರೆಗೆ ಇತ್ತು. ಅದನ್ನು ರಾಜ್ಯಗಳಿಗೂ ಅನ್ವಯ ಮಾಡಿದ್ದು 1947ರಲ್ಲಿ ಸುಪ್ರೀಂ ಕೋರ್ಟು. ಧರ್ಮಕ್ಕೂ ಸರ್ಕಾರಕ್ಕೂ ನಡುವೆ ಗೋಡೆ ಇದೆ ಅನ್ನುತ್ತಾರಲ್ಲ, ನಿನ್ನ ಆ ಗೋಡೆಯ ವಯಸ್ಸೂ ಅಷ್ಟೇ ಆಯಿತಲ್ಲ?

ಲಾ_ಓದುವವ

ಒಪ್ಪಿದೆ ಅಣ್ಣ, ಅದು ಸರಿಯಾದ ಮಾತು. ಅಂತರ್ಯುದ್ಧ ಆದ ಮೇಲೆ 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂತು, ಅದರ ಮೂಲಕ ಈ ಹಕ್ಕುಗಳು ಒಂದೊಂದಾಗಿ ರಾಜ್ಯಗಳಿಗೂ ಅನ್ವಯ ಆದವು. ಆದರೆ ರಾಜ್ಯಗಳು ಸರ್ಕಾರಿ ಚರ್ಚು ಬಿಟ್ಟಿದ್ದು ಕೋರ್ಟಿನ ಹೆದರಿಕೆಯಿಂದಲ್ಲ. ಅಲ್ಲಿನ ಜನರೇ ಬೇಡ ಅಂದರು. ಯಾಕೆ ಬೇಡ ಅಂದರು ಅನ್ನುವುದೇ ಮುಖ್ಯ.

ಕರಾವಳಿಯವಳು

ಆ "ಯಾಕೆ" ನಾನು ಹೇಳುತ್ತೇನೆ, ಯಾಕಂದರೆ ಅದು ನನ್ನದೇ ಜನರ ಕತೆ. ನಾನು ಮಂಗಳೂರಿನ ಕ್ಯಾಥೊಲಿಕ್, ಈಗ ಫಿಲಡೆಲ್ಫಿಯಾದಲ್ಲಿ ಇದ್ದೇನೆ. ಭಾನುವಾರ ಪೂಜೆ ತಪ್ಪಿಸುವುದಿಲ್ಲ. ಹತ್ತು ಆಜ್ಞೆ ನನಗೆ ಬಾಯಿಪಾಠ, ಅಜ್ಜಿಯ ಮಡಿಲಲ್ಲಿ ಕೂತು ಕೊಂಕಣಿಯಲ್ಲಿ ಕಲಿತದ್ದು.

ಮಲ್ಲಿಗೆ ಅವರೇ, ನಿಮ್ಮ ಮಗ ಓದಿದ ಆಜ್ಞೆಗಳು ನಮ್ಮ ಪಟ್ಟಿಯಂತೆ ಇಲ್ಲ. ವಿಗ್ರಹದ ಮಾತನ್ನು ನಾವು ಬೇರೆ ಆಜ್ಞೆ ಅಂತ ಎಣಿಸುವುದಿಲ್ಲ, ಅದು ಮೊದಲನೆಯದರ ಒಳಗೇ ಬರುತ್ತದೆ. ಪ್ರೊಟೆಸ್ಟೆಂಟರಲ್ಲಿ ಬಹಳ ಜನ ಅದನ್ನು ಎರಡನೆಯದು ಅಂತ ಎಣಿಸುತ್ತಾರೆ. ಯಹೂದಿಗಳ ಎಣಿಕೆ ಇನ್ನೊಂದು ಥರ. ನಮ್ಮ ಚರ್ಚಿನ ತುಂಬ ಮೇರಿ ಮಾತೆ, ಸಂತರ ಪ್ರತಿಮೆಗಳಿವೆ, ಆ ಒಂದು ಸಾಲಿಗಾಗಿ ಯೂರೋಪಿನಲ್ಲಿ ಪ್ರತಿಮೆಗಳನ್ನು ಒಡೆದಿದ್ದಾರೆ. ಹಾಗಿರುವಾಗ ಯಾವ ಪಟ್ಟಿ ಸರಿ ಅಂತ ಟೆಕ್ಸಸ್ ಸರ್ಕಾರ ಆರಿಸುವುದು ಯಾವ ಅಧಿಕಾರದಿಂದ? ಆರಿಸಿದ ಕ್ಷಣವೇ ಅದು ಒಂದು ಪಂಗಡದ ಕಡೆ ನಿಂತ ಹಾಗಾಯಿತು.

ನಾನಿರುವ ಊರಿನಲ್ಲಿ 1844ರಲ್ಲಿ ಇದೇ ವಿಷಯಕ್ಕೆ ರಕ್ತ ಹರಿದಿದೆ. ಸರ್ಕಾರಿ ಶಾಲೆಯಲ್ಲಿ ಪ್ರೊಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ಐರ್ಲೆಂಡಿನಿಂದ ಬಂದ ಕ್ಯಾಥೊಲಿಕರು, ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಓದಲು ಬಿಡಿ ಅಂತ ಕೇಳಿದರು. ಅವರೂ ಆಗ ಹೊಸದಾಗಿ ಬಂದವರೇ, ಅವರಿಗೂ ಊರಿನ ರಿವಾಜು ನೋಡಿ ಅಂತಲೇ ಹೇಳಿದ್ದರು. ಬೈಬಲನ್ನೇ ಶಾಲೆಯಿಂದ ತೆಗೆಸುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿತು. ಗಲಭೆ ಆಯಿತು, ಸೇಂಟ್ ಮೈಕೇಲ್ ಮತ್ತು ಸೇಂಟ್ ಆಗಸ್ಟಿನ್ ಚರ್ಚುಗಳನ್ನು ಸುಟ್ಟರು. ಜನ ಸತ್ತರು. ಎರಡೂ ಕಡೆಯವರು ಕ್ರೈಸ್ತರೇ.

ಗೋಡೆ ಕಟ್ಟಬೇಕು ಅಂದವರು ನಾಸ್ತಿಕರು ಅಂತ ಇಲ್ಲಿ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ರೋಜರ್ ವಿಲಿಯಮ್ಸ್ ಕಟ್ಟಾ ಭಕ್ತ, ಮ್ಯಾಸಚೂಸೆಟ್ಸ್‌ನವರು ಊರು ಬಿಡಿಸಿದ ಮೇಲೆ 1636ರಲ್ಲಿ ಪ್ರಾವಿಡೆನ್ಸ್ ಕಟ್ಟಿದ. ಚರ್ಚು ಒಂದು ತೋಟ, ಲೋಕ ಒಂದು ಕಾಡು, ಇವೆರಡರ ನಡುವೆ ಬೇಲಿ ಇರಬೇಕು ಅಂತ ಬರೆದವನು ಅವನು. ಬೇಲಿ ಬೇಕಿದ್ದದ್ದು ತೋಟ ಉಳಿಯಲಿ ಅಂತ. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತ ನಮ್ಮಲ್ಲಿ ಹೇಳುವುದಿಲ್ಲವೇ, ಸರ್ಕಾರ ಧರ್ಮ ಕಾಯಲು ಹೊರಟರೆ ಆಗುವುದು ಅದೇ.

ವರ್ಜೀನಿಯಾದಲ್ಲಿ ಲೈಸೆನ್ಸ್ ಇಲ್ಲದೆ ಬೋಧನೆ ಮಾಡಿದರು ಅಂತ ಬ್ಯಾಪ್ಟಿಸ್ಟ್ ಬೋಧಕರನ್ನು ಜೈಲಿಗೆ ಹಾಕುತ್ತಿದ್ದರು. ಅವರು ಜೈಲಿನ ಕಿಟಕಿಯ ಕಂಬಿ ಹಿಡಿದುಕೊಂಡು ಹೊರಗೆ ನಿಂತ ಜನರಿಗೆ ಬೋಧನೆ ಮಾಡುತ್ತಿದ್ದರು. ಇದನ್ನೆಲ್ಲ ಹತ್ತಿರದಿಂದ ತಿಳಿದಿದ್ದ ಯುವಕ, ಮುಂದೆ ಅಧ್ಯಕ್ಷನಾದ ಜೇಮ್ಸ್ ಮ್ಯಾಡಿಸನ್. ಕ್ರೈಸ್ತ ಬೋಧಕರ ಸಂಬಳಕ್ಕೆ ಎಲ್ಲರಿಂದ ತೆರಿಗೆ ಎತ್ತೋಣ ಅಂತ ಪ್ಯಾಟ್ರಿಕ್ ಹೆನ್ರಿ ಮಸೂದೆ ತಂದಾಗ, 1785ರಲ್ಲಿ ಮ್ಯಾಡಿಸನ್ ಅದರ ವಿರುದ್ಧ ಬರೆದ. ಇವತ್ತು ಮೂರು ಪೆನ್ಸ್ ಕೇಳುವ ಅಧಿಕಾರ ಕೊಟ್ಟರೆ ನಾಳೆ ಪೂರ್ತಿ ಬಗ್ಗಿಸುವ ಅಧಿಕಾರವನ್ನೂ ಕೊಟ್ಟ ಹಾಗೆ ಅನ್ನುವುದು ಅವನ ವಾದ. ಮಸೂದೆ ಬಿತ್ತು, ಮುಂದಿನ ವರ್ಷ ಜೆಫರ್ಸನ್ ಬರೆದಿಟ್ಟಿದ್ದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಪಾಸಾಯಿತು. ಇನ್ನು "ಗೋಡೆ" ಅನ್ನುವ ಜೆಫರ್ಸನ್‌ನ ಮಾತು ಬಂದದ್ದು 1802ರ ಜನವರಿ 1ರ ಕಾಗದದಲ್ಲಿ. ಬರೆದದ್ದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ. ಸರ್ಕಾರಿ ಚರ್ಚಿನ ಕೆಳಗೆ ನಮ್ಮ ಧರ್ಮ ಸರ್ಕಾರ ಕೊಟ್ಟ ಭಿಕ್ಷೆ ಆಗಿದೆ, ಹಕ್ಕಲ್ಲ ಅಂತ ದೂರು ಹೇಳಿದವರು ಅವರು.

ಉದ್ದ ಆಯಿತು, ಕ್ಷಮಿಸಿ. ಇದನ್ನು ಯಾರಾದರೂ ಭಕ್ತರೇ ಹೇಳಬೇಕಿತ್ತು.

ಹಳೇ_ಮೈಸೂರು

ನಾನು ನ್ಯೂಜೆರ್ಸಿಯಲ್ಲಿ ಮಗಳ ಜೊತೆ ಇರುವ ರಿಟೈರ್ಡ್ ಮನುಷ್ಯ. ಕೋರ್ಟಿನ ವಿಷಯ ನನಗೆ ತಿಳಿಯದು. ಒಂದು ಅನುಭವ ಹೇಳುತ್ತೇನೆ, ಹದಿನಾರು ವರ್ಷದ ಹಿಂದಿನದು, ನಾವು ಆಗ ಬೇರೆ ರಾಜ್ಯದಲ್ಲಿದ್ದೆವು. ಒಂದು ಸಣ್ಣ ಊರಿನಲ್ಲಿ ದೇವಸ್ಥಾನ ಕಟ್ಟಲು ಜಾಗ ತೆಗೆದುಕೊಂಡಿದ್ದೆವು. ಪರ್ಮಿಷನ್ನಿಗೆ ಊರಿನ ಬೋರ್ಡಿನ ಮುಂದೆ ಹೋಗಬೇಕಿತ್ತು. ನಾವು ಏಳು ಜನ, ಹೆಂಗಸರು ರೇಷ್ಮೆ ಸೀರೆ ಉಟ್ಟಿದ್ದರು, ನಾನು ನಕ್ಷೆಯ ಸುರುಳಿ ತೊಡೆ ಮೇಲೆ ಇಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದೆ.

ಅಧ್ಯಕ್ಷರು ಬಂದರು. ಪಾದ್ರಿ ಒಬ್ಬರು ಮೈಕಿನ ಹತ್ತಿರ ಹೋಗಿ, ಎಲ್ಲರೂ ಎದ್ದು ನಿಂತು ತಲೆ ಬಗ್ಗಿಸಿ, ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸೋಣ ಅಂದರು. ಬೋರ್ಡಿನ ಐದು ಜನ ಎದುರಿಗೇ ಇದ್ದಾರೆ, ಇನ್ನರ್ಧ ಗಂಟೆಯಲ್ಲಿ ನಮ್ಮ ದೇವಸ್ಥಾನ ಬೇಕೋ ಬೇಡವೋ ಅಂತ ಕೈ ಎತ್ತುವವರು ಅವರೇ. ನಾನು ಎದ್ದು ನಿಂತೆ. ತಲೆಯನ್ನೂ ಬಗ್ಗಿಸಿದೆ. ಯೇಸುವಿನ ಮೇಲಿನ ಭಕ್ತಿಯಿಂದಲ್ಲ, ಅವರ ಓಟಿಗಾಗಿ. ನನ್ನ ಹೆಂಡತಿ ಎದ್ದು ನಿಂತಳು, ಆದರೆ ತಲೆ ಬಗ್ಗಿಸಲಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ.

ಪರ್ಮಿಷನ್ ಸಿಕ್ಕಿತು, ಎರಡನೇ ಸಲಕ್ಕೆ. ಆ ಜನ ಕೆಟ್ಟವರಲ್ಲ. ಆದರೆ ಆವತ್ತು ನಾನು ಮಾಡಿದ್ದನ್ನು ಒಬ್ಬ ಕ್ರೈಸ್ತನಿಗೆ ನಮ್ಮೂರಿನಲ್ಲಿ ಯಾರಾದರೂ ಮಾಡಿಸಿದರೂ ನನಗೆ ಅಷ್ಟೇ ಸಂಕಟ ಆಗುತ್ತದೆ.

ಲಾ_ಓದುವವ

ಅಂಕಲ್, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಇದೇ ಥರದ ಪ್ರಾರ್ಥನೆಯ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ನ್ಯೂಯಾರ್ಕ್ ರಾಜ್ಯದ ಗ್ರೀಸ್ ಅನ್ನುವ ಊರು, 2014. ಐದು ನ್ಯಾಯಮೂರ್ತಿಗಳು ಪ್ರಾರ್ಥನೆ ನಡೆಯಬಹುದು, ಅದು ಹಳೆಯ ಪದ್ಧತಿ ಅಂದರು. ನಾಲ್ವರು ಒಪ್ಪಲಿಲ್ಲ. ಒಪ್ಪದವರಲ್ಲಿ ಎಲೆನಾ ಕೇಗನ್ ಅವರು, ಅರ್ಜಿ ಹಿಡಿದು ಬಂದ ಅನ್ಯಧರ್ಮದ ಪ್ರಜೆ ಆ ಗಳಿಗೆಯಲ್ಲಿ ಹೇಗೆ ಹೊರಗಿನವಳಾಗುತ್ತಾಳೆ ಅಂತ ಬರೆದಿದ್ದಾರೆ. ನಿಮ್ಮ ಮೂರನೇ ಸಾಲೇ ಅದು.

ಇನ್ನು ಶಾಲೆ. ಶಾಲೆಯ ವಿಷಯದಲ್ಲಿ ಕೋರ್ಟು ಬಹಳ ವರ್ಷ ಬಿಗಿಯಾಗಿಯೇ ಇತ್ತು, ಯಾಕಂದರೆ ಮಕ್ಕಳು ಎದ್ದು ಹೊರಗೆ ಹೋಗಲು ಆಗುವುದಿಲ್ಲ. 1962ರಲ್ಲಿ ಸರ್ಕಾರವೇ ಬರೆದುಕೊಟ್ಟ ಪ್ರಾರ್ಥನೆ ಬೇಡ ಅಂದರು, 1963ರಲ್ಲಿ ಬೈಬಲ್ ಓದಿಸುವುದು ಬೇಡ ಅಂದರು. 1980ರಲ್ಲಿ ಕೆಂಟಕಿಯ ಶಾಲೆಗಳಲ್ಲಿ ಹಾಕಿದ್ದ ಹತ್ತು ಆಜ್ಞೆ ತೆಗೆಸಿದರು. ಆ ಪೋಸ್ಟರಿನ ಅಳತೆಯೂ 16ಕ್ಕೆ 20 ಇಂಚು, ದುಡ್ಡು ಕೊಟ್ಟವರು ಖಾಸಗಿಯವರೇ. 2005ರಲ್ಲಿ ಒಂದೇ ದಿನ ಎರಡು ತೀರ್ಪು ಬಂತು. ಟೆಕ್ಸಸ್ ರಾಜಧಾನಿ ಆಸ್ಟಿನ್‌ನ ವಿಧಾನಸಭೆಯ ಆವರಣದಲ್ಲಿ 1961ರಿಂದ ಇರುವ ಹತ್ತು ಆಜ್ಞೆಯ ಕಲ್ಲು ಇರಲಿ ಅಂದರು, ಕೆಂಟಕಿಯ ಕೋರ್ಟುಗಳಲ್ಲಿ ಹೊಸದಾಗಿ ಹಾಕಿದ್ದು ಬೇಡ ಅಂದರು.

2022ರಲ್ಲಿ ಗಾಳಿ ತಿರುಗಿತು. ವಾಷಿಂಗ್ಟನ್ ರಾಜ್ಯದ ಫುಟ್‌ಬಾಲ್ ಕೋಚ್ ಮೈದಾನದ ನಡುವೆ ಪ್ರಾರ್ಥನೆ ಮಾಡಿದ ಕೇಸು. ಇಂಥ ಕೇಸುಗಳಲ್ಲಿ ಕೋರ್ಟು ಬಳಸುತ್ತಿದ್ದ ಹಳೆಯ ಅಳತೆಗೋಲು ಬಿಟ್ಟು, ಇತಿಹಾಸ ಮತ್ತು ಸಂಪ್ರದಾಯ ನೋಡಿ ತೀರ್ಮಾನ ಮಾಡುತ್ತೇವೆ ಅಂದರು. ಆ ಮಾತನ್ನು ಹಿಡಿದುಕೊಂಡು 2024ರಲ್ಲಿ ಲೂಸಿಯಾನ, 2025ರಲ್ಲಿ ಟೆಕ್ಸಸ್ ಈ ಕಾನೂನು ಮಾಡಿದವು. 2025ರ ಆಗಸ್ಟಿನಲ್ಲಿ ಟೆಕ್ಸಸ್‌ನ ಕೆಲವು ಶಾಲಾ ಜಿಲ್ಲೆಗಳಿಗೆ ಫೆಡರಲ್ ಜಡ್ಜ್ ತಡೆಯನ್ನೂ ಕೊಟ್ಟಿದ್ದರು. ಹಾಗಾಗಿ ಮಲ್ಲಿಗೆ ಅಕ್ಕ, ನೀವು ಜಾಸ್ತಿ ಯೋಚಿಸುತ್ತಿಲ್ಲ.

ಒಂದು ಮಾತು ಮಾತ್ರ ಎಲ್ಲ ತಂದೆ ತಾಯಿಗೂ ಗೊತ್ತಿರಲಿ. ಬಾವುಟದ ಪ್ರತಿಜ್ಞೆ ಹೇಳಲು ಇಷ್ಟವಿಲ್ಲದ ಮಗುವನ್ನು ಬಲವಂತ ಮಾಡುವಂತಿಲ್ಲ. 1943ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಯೆಹೋವನ ಸಾಕ್ಷಿಗಳ ಮಕ್ಕಳ ಕೇಸಿನಲ್ಲಿ ಬಾರ್ನೆಟ್ ತೀರ್ಪು ಬಂತು. 1985ರಲ್ಲಿ ಕೇರಳದಲ್ಲಿ ಅದೇ ಪಂಗಡದ ಮೂರು ಮಕ್ಕಳು ಜನಗಣಮನ ಹಾಡಲಿಲ್ಲ, ಗೌರವದಿಂದ ಎದ್ದು ನಿಂತಿದ್ದರು ಅಷ್ಟೇ, ಶಾಲೆಯಿಂದ ತೆಗೆದುಹಾಕಿದರು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಮಕ್ಕಳ ಪರ ನಿಂತಾಗ ಈ ಬಾರ್ನೆಟ್ ತೀರ್ಪನ್ನು ಎತ್ತಿ ಹೇಳಿತು.

ಅರ್ಚಕರ_ಮಗ

ನಾನು ಹಾಸನ ಜಿಲ್ಲೆಯವನು, ಅಮೆರಿಕ ನೋಡಿಲ್ಲ. ಒಂದು ಪ್ರಶ್ನೆ. ನಮ್ಮ ತಂದೆ ಮುಜರಾಯಿ ದೇವಸ್ಥಾನದ ಅರ್ಚಕರು. ದೀಪದ ಎಣ್ಣೆಗೆ ತಸ್ತೀಕ್ ಬರುವುದು ಸರ್ಕಾರದಿಂದ, ತಡವಾದರೆ ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆಯಬೇಕು. ಅಲ್ಲಿ ದೇವಸ್ಥಾನಗಳ ಮೇಲೆ ಸರ್ಕಾರದ ಹಿಡಿತ ಹೇಗೆ?

ಹಳೇ_ಮೈಸೂರು

ಮಗು, ಇಲ್ಲಿ ಮುಜರಾಯಿ ಅನ್ನುವುದೇ ಇಲ್ಲ. ಹುಂಡಿಗೆ ಸರ್ಕಾರ ಕೈ ಹಾಕುವುದಿಲ್ಲ, ಎಣ್ಣೆಗೆ ದುಡ್ಡೂ ಕೊಡುವುದಿಲ್ಲ. ದೇವಸ್ಥಾನಕ್ಕೆ ತೆರಿಗೆ ವಿನಾಯಿತಿ ಇದೆ, ಟ್ರಸ್ಟಿಗಳನ್ನು ಭಕ್ತರೇ ಆರಿಸುತ್ತಾರೆ. ಇಲ್ಲದ ನೆಪ ಹೇಳಿ ಕಟ್ಟಡ ತಡೆಯಬಾರದು ಅಂತ 2000ದಲ್ಲಿ ಒಂದು ಕಾನೂನೂ ಬಂದಿದೆ, ನಮ್ಮ ವಕೀಲರು ಎರಡನೇ ಸಲ ಅದನ್ನೇ ಓದಿ ಹೇಳಿದ್ದು. ಟೆಕ್ಸಸ್‌ನ ಶುಗರ್ ಲ್ಯಾಂಡಿನಲ್ಲಿ 90 ಅಡಿಯ ಹನುಮಂತ ನಿಂತಿದ್ದಾನೆ. ಇದು ಕ್ರೈಸ್ತ ದೇಶ, ಇಲ್ಲಿ ಸುಳ್ಳು ದೇವರ ಪ್ರತಿಮೆ ಯಾಕೆ ಅಂತ ರಾಜಕಾರಣಿಯೊಬ್ಬ ಕೂಗಾಡಿದ. ಏನೂ ಆಗಲಿಲ್ಲ. ಹನುಮಂತ ನಿಂತಿರುವುದು ದೇವಸ್ಥಾನದ ಸ್ವಂತ ಜಾಗದಲ್ಲಿ, ಸರ್ಕಾರ ಮುಟ್ಟುವಂತಿಲ್ಲ. ಗೋಡೆ ಬೀಳಬಾರದು ಅಂತ ನಾನು ಅನ್ನುವುದು ಅದಕ್ಕೇ. ಅದು ಬಿದ್ದರೆ ಅವನನ್ನು ಕಾಯುವವರು ಯಾರು?

ಬಯಲುಸೀಮೆಯವ

ಎರಡು ದಿನ ಇದನ್ನೇ ಓದುತ್ತಿದ್ದೆ. ಮೈಸೂರಿನ ಸರ್, ನಿಮ್ಮ ಕಾರಿನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ಸಿಟಿಜನ್ ಆದ ದಿನ ನೆನಪಾಯಿತು. ದೊಡ್ಡ ಹಾಲು, ಮಡಿಸುವ ಕುರ್ಚಿಗಳು, ಕೈಯಲ್ಲಿ ಪುಟ್ಟ ಬಾವುಟ. ಪ್ರಮಾಣದ ಕೊನೆಯಲ್ಲಿ "ಸೋ ಹೆಲ್ಪ್ ಮಿ ಗಾಡ್" ಬರುತ್ತದೆ. ಧರ್ಮದ ಅಥವಾ ಮನಸ್ಸಾಕ್ಷಿಯ ಕಾರಣಕ್ಕೆ ಬೇಡ ಅನ್ನುವವರು ಅದನ್ನು ಬಿಡಬಹುದು. ನಾನು ಜೋರಾಗಿ ಹೇಳಿದೆ, ವೆಂಕಟರಮಣನನ್ನು ನೆನೆಸಿಕೊಂಡು. ಪಕ್ಕದಲ್ಲಿದ್ದವನು ಅಲ್ಲಿಗೆ ಬಂದಾಗ ಬಾಯಿ ಮುಚ್ಚಿಕೊಂಡ. ಇಬ್ಬರಿಗೂ ಒಂದೇ ಸರ್ಟಿಫಿಕೇಟು ಸಿಕ್ಕಿತು. ಆ ಪರೀಕ್ಷೆಗೆ ಓದುವಾಗ ಧಾರ್ಮಿಕ ಸ್ವಾತಂತ್ರ್ಯ ಅಂದರೆ ಏನು ಅನ್ನುವ ಪ್ರಶ್ನೆ ಇತ್ತು. ಯಾವ ಧರ್ಮವನ್ನಾದರೂ ಆಚರಿಸಬಹುದು, ಆಚರಿಸದೆಯೂ ಇರಬಹುದು ಅನ್ನುವುದು ಉತ್ತರ. ಉರು ಹೊಡೆದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಕಾಂಗ್ರೆಸ್ಸಿನ ಪ್ರಾರ್ಥನೆ, ನೋಟಿನ ಮೇಲಿನ ಮಾತು ಇವನ್ನು ತೆಗೆಯಬೇಕು ಅಂತ ನಾನು ಈಗಲೂ ಹೇಳುವುದಿಲ್ಲ. ದೊಡ್ಡವರು ಎದ್ದು ಹೋಗಬಹುದು, ಬೇಡವಾದರೆ ಕೇಳಿಸಿಕೊಳ್ಳದೆ ಇರಬಹುದು. ಆದರೆ ಮಗು ಏಳು ಗಂಟೆ ಅದೇ ಗೋಡೆ ನೋಡುತ್ತಾ ಕೂರಬೇಕು. ಅದು ಬೇರೆ. ಅಕ್ಕ, ನಾನು ಮೊದಲು ಹೇಳಿದ್ದು ಅಷ್ಟರ ಮಟ್ಟಿಗೆ ತಪ್ಪು.

ಮಲ್ಲಿಗೆ_ಟೆಕ್ಸಸ್

ಎಲ್ಲರಿಗೂ ಕೈ ಮುಗಿಯುತ್ತೇನೆ. ನೀವು ಬರೆದದ್ದನ್ನೆಲ್ಲ ಯಜಮಾನರಿಗೂ ಓದಿ ಹೇಳಿದೆ.

ಮೊನ್ನೆ ಟೀಚರ್ ಹತ್ತಿರ ಹೋಗಿದ್ದೆ. ಅವರೇ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು. ನನ್ನ ಮಗ ಕೇಳಿದ್ದನ್ನು ಹೇಳಿದಾಗ ಅವರ ಕಣ್ಣು ತುಂಬಿತು. "ಮಗುವಿಗೆ ಹೀಗೆ ಅನ್ನಿಸಲಿ ಅಂತ ನಾನು ಹಾಕಲಿಲ್ಲ, ಹಾಕಬೇಕು ಅಂತ ಆರ್ಡರ್ ಬಂತು" ಅಂದರು. ತೆಗೆಯುವುದು ಅವರ ಕೈಯಲ್ಲಿಲ್ಲ. ಅವರ ಮೇಲೆ ನನಗೆ ಬೇಜಾರಿಲ್ಲ.

ಮಗನಿಗೆ ಹೇಳಿದೆ, ಹೌದು ಕಂದ, ಇದು ಕೆತ್ತಿದ ವಿಗ್ರಹವೇ, ನಿಮ್ಮಜ್ಜಿ ಊರಿನ ಶಿಲ್ಪಿಯ ಹತ್ತಿರ ಹೇಳಿ ಮಾಡಿಸಿದ್ದು, ನಮ್ಮ ಮನೆಯಲ್ಲಿ ದೇವರನ್ನು ಹೀಗೆ ಕೂರಿಸುತ್ತೇವೆ, ನಿನ್ನ ಟೀಚರ್ ಮನೆಯಲ್ಲಿ ಬೇರೆ ಥರ ಅಂತ. "ಹಾಗಾದ್ರೆ ನಮ್ಮದನ್ನೂ ಗೋಡೆ ಮೇಲೆ ಹಾಕ್ತಾರಾ?" ಅಂದ. ಬೇಡ, ಅಲ್ಲಿ ಯಾರದ್ದೂ ಬೇಡ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, ಸರಿ ಅಂತ ಆಡಲು ಹೋದ.

ಸೋಮವಾರ ಸಂಜೆ ಸ್ಕೂಲ್ ಬೋರ್ಡ್ ಮೀಟಿಂಗ್ ಇದೆ. ಪೋಷಕರಿಗೆ ಮೂರು ಮೂರು ನಿಮಿಷ ಕೊಡುತ್ತಾರೆ. ಹೆಸರು ಕೊಟ್ಟು ಬಂದೆ, ನನ್ನದು ಏಳನೆಯದು. ಪಕ್ಕದ ಮನೆಯ ಚರ್ಚಿನವರೂ ಬರುತ್ತೇನೆ ಅಂದಿದ್ದಾರೆ, ಅವರದು ಎಂಟನೆಯದು. ಕರಾವಳಿಯವರೇ, ಡ್ಯಾನ್‌ಬರಿ ಕಾಗದದ ವಿಷಯ ಎರಡು ನಿಮಿಷದಲ್ಲಿ ಹೇಳುವ ಹಾಗೆ ಬರೆದುಕೊಡುತ್ತೀರಾ? ಉಳಿದ ಒಂದು ನಿಮಿಷ ಗಣಪತಿಯ ವಿಷಯ ನಾನೇ ಹೇಳುತ್ತೇನೆ.